ಓಡುವಾಗ ಕಾರು ಜರ್ಕ್ ಹೊಡೆದರೆ: ಹಾಸನ, ಚಿಕ್ಕಮಗಳೂರಿನ ರಸ್ತೆಗಳಲ್ಲಿ ಕಾರಣ ಹುಡುಕುವ ಬಗೆ

ಗಾಡಿ ಜರ್ಕ್ ಹೊಡೆಯುತ್ತಿದೆ ಎಂದು ಗ್ಯಾರೇಜಿಗೆ ಬಿಟ್ಟರೆ ಬಹಳ ಕಡೆ ಆಗುವುದು ಇಷ್ಟು: ಮೊದಲು ಪ್ಲಗ್ ಬದಲಿಸುತ್ತಾರೆ, ಹೋಗಲಿಲ್ಲವೆಂದರೆ ಫಿಲ್ಟರ್, ಆಮೇಲೆ ಇಂಜೆಕ್ಟರ್ ಕ್ಲೀನಿಂಗ್, ಕೊನೆಗೆ ಪಂಪ್. ಸಾವಿರಗಟ್ಟಲೆ ಖರ್ಚಾದ ಮೇಲೂ ಜರ್ಕ್ ಅಲ್ಲೇ ಇರುತ್ತದೆ. ಕೆಟ್ಟಿರುವುದು ಒಂದೇ ಭಾಗ, ಬದಲಾಗಿದ್ದು ನಾಲ್ಕು. ಇದನ್ನು ತಪ್ಪಿಸಲು ಇರುವ ದಾರಿ ಒಂದೇ. ಸ್ಪ್ಯಾನರ್ ಹಿಡಿಯುವ ಮೊದಲು ಜರ್ಕ್ ಯಾವ ಸಂದರ್ಭದಲ್ಲಿ ಬರುತ್ತದೆ ಎಂದು ಸರಿಯಾಗಿ ನೋಡಿಕೊಳ್ಳಬೇಕು. ಚಳಿ ಎಂಜಿನ್ನಿನಲ್ಲಿ ಮಾತ್ರವೋ, ಬಿಸಿಯಾದ ಮೇಲೋ, ಏರಿನಲ್ಲೋ, ಸಮತಟ್ಟಿನಲ್ಲೋ, ಮಳೆಯ ದಿನವೋ, ಎಲ್ಲ ದಿನವೋ. ಇಷ್ಟು ತಿಳಿದರೆ ಅನುಮಾನ ಪಡಬೇಕಾದ ಭಾಗಗಳು ಎರಡು-ಮೂರಕ್ಕೆ ಇಳಿಯುತ್ತವೆ.

ನಮ್ಮ ಎರಡೂ ಜಿಲ್ಲೆಗಳಲ್ಲಿ ಇದಕ್ಕೆ ಇನ್ನೊಂದು ತೂಕವಿದೆ. ಅರಸೀಕೆರೆ, ಕಡೂರು ಕಡೆ ಧೂಳು, ಸಕಲೇಶಪುರ, ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ತಿಂಗಳುಗಟ್ಟಲೆ ಮಳೆ. ಒಂದೇ ಮಾದರಿಯ ಕಾರು ಪೂರ್ವದಲ್ಲಿ ಏರ್ ಫಿಲ್ಟರ್ ಕಟ್ಟಿಕೊಂಡು ತಡವರಿಸುತ್ತದೆ, ಪಶ್ಚಿಮದಲ್ಲಿ ಪ್ಲಗ್ ಗುಂಡಿಗೆ ನೀರು ಇಳಿದು ಮಿಸ್ ಹೊಡೆಯುತ್ತದೆ, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ.

ದೋಷವಲ್ಲದ್ದನ್ನು ಮೊದಲು ಬದಿಗಿಡಿ

ಮಂಗಳೂರಿನಿಂದ ಶಿರಾಡಿ ಹತ್ತಿ ಹಾಸನಕ್ಕೆ ಬಂದರೆ ನೀವು ಸುಮಾರು ಒಂದು ಸಾವಿರ ಮೀಟರ್ ಮೇಲೆ ಬಂದಿರುತ್ತೀರಿ. ಗಾಳಿ ತೆಳುವಾದಂತೆ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಮೇಲೆ ಈ ನಷ್ಟ ಐದನೇ ಒಂದು ಭಾಗದ ಹತ್ತಿರ ಹೋಗುತ್ತದೆ. ಐದು ಜನ ಕೂತ ಸಣ್ಣ ಕಾರು ಕೈಮರದಿಂದ ಮೇಲಕ್ಕೆ ಭಾರವಾಗಿ ಎಳೆದರೆ ಅದು ರೋಗವಲ್ಲ. ಆದರೆ ಶಕ್ತಿ ಕಡಿಮೆಯಾಗುವುದು ಬೇರೆ, ಶಕ್ತಿ ಬಂದು ಹೋಗಿ ಬಂದು ಹೋಗಿ ಮಾಡುವುದು ಬೇರೆ. ಎರಡನೆಯದನ್ನು ಎತ್ತರದ ಮೇಲೆ ಹಾಕಬೇಡಿ.

ಮೂರನೇ ಗೇರಿನಲ್ಲಿ 25 ಕಿ.ಮೀ. ವೇಗದಲ್ಲಿ ಏರು ಹತ್ತಿಸಿದರೆ ಎಂಜಿನ್ ಒದ್ದಾಡಿ ಗಾಡಿ ನಡುಗುತ್ತದೆ. ಎರಡನೇ ಗೇರಿಗೆ ಇಳಿಸಿ 2,000 ಆರ್‌ಪಿಎಂ ಮೇಲಿಟ್ಟಾಗ ನಡುಕ ಪೂರ್ತಿ ಹೋದರೆ ಬಿಚ್ಚುವಂಥದ್ದು ಏನೂ ಇಲ್ಲ. ಟರ್ಬೊ ಡೀಸೆಲ್ 1,800ರ ಕೆಳಗೆ ಸಪ್ಪೆಯಾಗಿದ್ದು ಆಮೇಲೆ ಒಮ್ಮೆಲೇ ಎಳೆಯುವುದೂ ಅದರ ಗುಣ. ತೋಟದ ಕೆಸರು ದಾರಿಯಲ್ಲಿ ಹಠಾತ್ತನೆ ಪಿಕಪ್ ಕಟ್ ಆಗಿ, ಮೀಟರಿನಲ್ಲಿ ಜಾರುತ್ತಿರುವ ಕಾರಿನ ಚಿತ್ರವಿರುವ ಹಳದಿ ದೀಪ ಮಿನುಗಿದರೆ ಅದು ಚಕ್ರ ಜಾರದಂತೆ ಕಾರೇ ಶಕ್ತಿ ಕಡಿಮೆ ಮಾಡಿದ್ದು.

ಟ್ಯಾಂಕಿನಲ್ಲಿ ಕೊನೆಯ ನಾಲ್ಕೈದು ಲೀಟರ್ ಮಾತ್ರ ಉಳಿದಿದ್ದರೆ ಹೇರ್‌ಪಿನ್ ತಿರುವಿನಲ್ಲಿ ಇಂಧನ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ತಿರುವಿನಲ್ಲಿ ಎರಡು ಸಲ ಜರ್ಕ್, ನೇರ ರಸ್ತೆಗೆ ಬಂದ ಕೂಡಲೇ ಸರಿ. ಘಾಟಿಗೆ ಹೋಗುವಾಗ ಕಾಲು ಟ್ಯಾಂಕಿಗಿಂತ ಹೆಚ್ಚೇ ಇರಲಿ. ಹಾಗೆ ಖಾಲಿ ಓಡಿಸುವುದೇ ರೂಢಿಯಾದರೆ ಪಂಪ್ ಬಿಸಿಯಾಗಿ ಬೇಗ ಸಾಯುತ್ತದೆ, ಏಕೆಂದರೆ ಅದನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ.

ಪರೀಕ್ಷೆಯ ಓಡಾಟ

ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ, ಬರೆದುಕೊಳ್ಳುವ ಕೆಲಸ ಅವರದು. ರಾತ್ರಿಯಿಡೀ ನಿಂತ ಗಾಡಿಯನ್ನೇ ತೆಗೆಯಿರಿ, ಬಿಸಿ ಮಾಡಿ ತಂದರೆ ಅರ್ಧ ಸುಳಿವು ಹೋಗಿರುತ್ತದೆ. ಮೊದಲ ಹತ್ತು ನಿಮಿಷ ಊರೊಳಗೆ ನಿಧಾನ. ಆಮೇಲೆ ಹಾಸನ–ಬೇಲೂರು ರಸ್ತೆಯಂಥ ಸಾಧಾರಣ ಸಮತಟ್ಟಿನಲ್ಲಿ 60 ಕಿ.ಮೀ. ವೇಗಕ್ಕೆ ಹಿಡಿದು, ಕಾಲನ್ನು ಒಂದೇ ಹದದಲ್ಲಿಡಿ. ಅದಾದ ಮೇಲೆ ಮೂರನೇ ಗೇರಿನಲ್ಲಿ 2,000ದಿಂದ 4,000 ಆರ್‌ಪಿಎಂವರೆಗೆ ಆಕ್ಸಿಲರೇಟರ್ ಪೂರ್ತಿ ಒತ್ತಿ. ಕೊನೆಗೆ ಒಂದು ಏರು. ಹಿಂದೆ ಮುಂದೆ ವಾಹನ ಇಲ್ಲದ ಕಡೆ ಮಾತ್ರ ಇದನ್ನು ಮಾಡಬೇಕು. ಶಿರಾಡಿ, ಚಾರ್ಮಾಡಿ ಪರೀಕ್ಷೆಗೆ ತಕ್ಕ ಜಾಗವಲ್ಲ, ಅಲ್ಲಿ ಗಾಡಿ ನಿಂತರೆ ಬದಿಗೆ ಸರಿಸಲೂ ಜಾಗ ಸಿಗದು.

ಇಷ್ಟರಲ್ಲಿ ಸಿಗುವ ಸುಳಿವುಗಳು ಹೀಗೆ:

- ಚಳಿಯಲ್ಲಿ ತಡವರಿಸಿ, ಬಿಸಿಯಾದ ಮೇಲೆ ಸರಿ: ಗಾಳಿ ಲೀಕ್, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಕೊಳಕಾಗಿರುವುದು, ಕೂಲಂಟ್ ಬಿಸಿ ಅಳೆಯುವ ಸೆನ್ಸರ್, ತೇವ.
- ಚಳಿಯಲ್ಲಿ ಸರಿ, ಅರ್ಧ ಗಂಟೆಯ ನಂತರ ಜರ್ಕ್: ಪ್ಲಗ್ಗಿಗೆ ಹೆಚ್ಚು ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್, ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್, ಫ್ಯೂಯಲ್ ಪಂಪ್.
- ಏರಿನಲ್ಲಿ ಅಥವಾ ಪೂರ್ತಿ ಒತ್ತಿದಾಗ ಮಾತ್ರ: ಪ್ಲಗ್, ಕಾಯಿಲ್, ಇಂಧನದ ಒತ್ತಡ, ಡೀಸೆಲ್ ಆದರೆ ಫಿಲ್ಟರ್, ಟರ್ಬೊ ಪೈಪ್.
- ಒಂದೇ ವೇಗದಲ್ಲಿ ಹೋಗುವಾಗ ಅಲೆಯಂತೆ ಏರಿಳಿತ: ಗಾಳಿ-ಇಂಧನದ ಹದ ತಪ್ಪಿದೆ, ಇಲ್ಲವೇ ಇಜಿಆರ್ ವಾಲ್ವ್ (ಹೊಗೆಯ ಒಂದಷ್ಟನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್).
- ಹೊರಡುವಾಗ ಮಾತ್ರ, ಓಡುವಾಗ ಇಲ್ಲ: ಕ್ಲಚ್ ಅಥವಾ ಎಂಜಿನ್ ಕೂರಿಸಿರುವ ರಬ್ಬರ್ ಮೌಂಟಿಂಗ್.

ಆರ್‌ಪಿಎಂ ಮುಳ್ಳಿನ ಮೇಲೂ ಒಂದು ಕಣ್ಣಿರಲಿ. ಜರ್ಕ್ ಹೊಡೆದ ಕ್ಷಣ ಗಾಡಿ ಗೇರಿನಲ್ಲೇ ಓಡುತ್ತಿದ್ದರೂ ಮುಳ್ಳು ಪಟ್ಟನೆ ಸೊನ್ನೆಗೆ ಬಿದ್ದು ಎದ್ದರೆ ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಕಂಪ್ಯೂಟರಿಗೆ ಮುಟ್ಟುತ್ತಿಲ್ಲ ಎಂದರ್ಥ. ಕ್ರ್ಯಾಂಕ್ ಸೆನ್ಸರ್, ಅದರ ಸಾಕೆಟ್, ಅಥವಾ ಇಗ್ನಿಷನ್ ಸ್ವಿಚ್ಚಿನ ಕರೆಂಟ್ ನೋಡಿ. ಗಾಡಿ ಮುಗ್ಗರಿಸಿದರೂ ಮುಳ್ಳು ವೇಗಕ್ಕೆ ತಕ್ಕಂತೆ ನಿಂತಿದ್ದರೆ ಸೆನ್ಸರ್ ಬಹುತೇಕ ಸರಿಯಿದೆ, ಕಿಡಿ ಅಥವಾ ಇಂಧನದ ಕಡೆ ತಿರುಗಿ. ಮುಳ್ಳು ಮೇಲೆ ಹೋಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ.

ಪೆಟ್ರೋಲ್ ಗಾಡಿ: ಕಿಡಿಯಿಂದ ಶುರು

ಪೆಟ್ರೋಲ್ ಕಾರು ಏರಿನಲ್ಲಿ ಟಪ್ ಟಪ್ ಎಂದು ಚಿಕ್ಕ ಚಿಕ್ಕ ಏಟು ಹೊಡೆದರೆ ಮೊದಲ ಅನುಮಾನ ಪ್ಲಗ್ ಮತ್ತು ಕಾಯಿಲ್ ಮೇಲೆ. ಕಾರಣ ಸರಳ. ಕಾಲು ಒತ್ತಿದಷ್ಟೂ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು. ಸವೆದ ಪ್ಲಗ್ಗಿನ ಸಂದು ದೊಡ್ಡದಾಗಿರುತ್ತದೆ, ಕರೆಂಟಿಗೆ ಆ ಸಂದು ಹಾರುವುದಕ್ಕಿಂತ ಪ್ಲಗ್ಗಿನ ಮೇಲೆ ಕೂರುವ ರಬ್ಬರ್ ಬೂಟಿನ ಬಿರುಕಿನಲ್ಲಿ ಎಂಜಿನ್ ಬಾಡಿಗೆ ಇಳಿಯುವುದು ಸುಲಭವಾಗುತ್ತದೆ. ಅದಕ್ಕೇ ಐಡ್ಲಿಂಗ್‌ನಲ್ಲಿ ಏನೂ ಗೊತ್ತಾಗದ ಗಾಡಿ ಏರಿನಲ್ಲಿ ಒದ್ದಾಡುವುದು.

ಪ್ಲಗ್ ಬಿಚ್ಚುವುದು ಎಂಜಿನ್ ತಣ್ಣಗಾದ ಮೇಲೆಯೇ. ಅಲ್ಯುಮಿನಿಯಂ ಹೆಡ್ ಬಿಸಿಯಿದ್ದಾಗ ತಿರುಪಿದರೆ ಥ್ರೆಡ್ ಕಿತ್ತುಬರುತ್ತದೆ. ಕಾಯಿಲ್ ಎತ್ತಿದ ಕೂಡಲೇ ಟಾರ್ಚ್ ಹಾಕಿ ಗುಂಡಿಯೊಳಗೆ ನೋಡಿ. ನೀರಿದ್ದರೆ ಬಾನೆಟ್ ತೊಳೆದಾಗ ಇಳಿದದ್ದು, ಅಥವಾ ವೈಪರ್ ಕೆಳಗಿನ ತೂಬು ಎಲೆಗಳಿಂದ ಕಟ್ಟಿ ಮಳೆನೀರು ಬಾನೆಟ್ಟಿನೊಳಗೆ ಸುರಿದದ್ದು. ತೋಟದ ಮರದಡಿ ನಿಲ್ಲಿಸುವ ಗಾಡಿಗಳಲ್ಲಿ ಈ ತೂಬನ್ನು ಮಳೆಗಾಲಕ್ಕೆ ಮುಂಚೆ ತಪ್ಪದೆ ತೆಗೆದು ಸ್ವಚ್ಛ ಮಾಡಬೇಕು. ಎಣ್ಣೆಯಿದ್ದರೆ ಟ್ಯಾಪೆಟ್ ಕವರಿನ ಸೀಲ್ ಹೋಗಿದೆ. ಆ ಸೀಲ್ ಹಾಕದೆ ಕಾಯಿಲ್ ಮಾತ್ರ ಬದಲಿಸಿದರೆ ಹೊಸ ಕಾಯಿಲ್ಲಿನ ಬೂಟೂ ಎಣ್ಣೆ ಕುಡಿದು ಮೆತ್ತಗಾಗಿ ಕೆಡುತ್ತದೆ. ಗುಂಡಿಯನ್ನು ಗಾಳಿ ಹೊಡೆದು ಒಣಗಿಸಿದ ಮೇಲೇ ಪ್ಲಗ್ ಸಡಿಲಿಸಿ, ಇಲ್ಲದಿದ್ದರೆ ಮಣ್ಣು ನೇರ ಸಿಲಿಂಡರಿಗೆ ಬೀಳುತ್ತದೆ.

ಹೊರಗೆ ಬಂದ ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಜೋಡಿಸಿ. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ದಹನ ಸರಿ. ಒಣ ಕಪ್ಪು ಮಸಿ ಎಂದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ದುರ್ಬಲ. ಜಿಡ್ಡು ಕಪ್ಪು ಎಂದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಬಿಳಚಿಕೊಂಡು ಗುಳ್ಳೆ ಎದ್ದಿದ್ದರೆ ಇಂಧನ ಸಾಲದೆ ಅತಿಯಾಗಿ ಕಾದಿದೆ. ಎಲ್ಲಕ್ಕಿಂತ ಮುಖ್ಯವಾಗಿ ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಪೆನ್ಸಿಲಿನಲ್ಲಿ ಎಳೆದಂಥ ತೆಳ್ಳನೆಯ ಕಪ್ಪು ಗೆರೆ ಇದೆಯೇ ನೋಡಿ. ಕರೆಂಟ್ ಹೊರಗಿಂದ ಓಡಿರುವ ದಾರಿ ಅದು. ಅದೇ ಗೆರೆ ಬೂಟಿನ ಒಳಗೂ ಇರುತ್ತದೆ. ಪ್ಲಗ್ ಮಾತ್ರ ಹೊಸದು ಹಾಕಿ ಬೂಟ್ ಹಳೆಯದೇ ಬಿಟ್ಟರೆ ಗೆರೆ ಮತ್ತೆ ಮೂಡುತ್ತದೆ, ಜರ್ಕ್ ಮತ್ತೆ ಬರುತ್ತದೆ.

ಪ್ಲಗ್ ಸಂದು ಬಹುಪಾಲು ಕಾರುಗಳಲ್ಲಿ 0.8ರಿಂದ 1.1 ಮಿ.ಮೀ. ನಿಮ್ಮ ಗಾಡಿಯದು ಎಷ್ಟೆಂದು ಕೈಪಿಡಿಯಲ್ಲಿ ನೋಡಿ, ಫೀಲರ್ ಗೇಜ್ ಹಾಕಿ ಅಳೆಯಿರಿ. ಇರಿಡಿಯಂ ಪ್ಲಗ್ಗಿನ ಸಣ್ಣ ತುದಿಯನ್ನು ಗೇಜಿನಿಂದ ಮೀಟಬೇಡಿ, ಮುರಿಯುತ್ತದೆ. ಮಾಮೂಲಿ ನಿಕ್ಕಲ್ ಪ್ಲಗ್ 20–30 ಸಾವಿರ ಕಿ.ಮೀ. ಬಾಳುತ್ತದೆ, ಇರಿಡಿಯಂ 80 ಸಾವಿರದಿಂದ ಒಂದು ಲಕ್ಷ. ಕೂರಿಸುವಾಗ ಕೈಯಲ್ಲೇ ಪೂರ್ತಿ ತಿರುಪಿ, ಆಮೇಲೆ ಟಾರ್ಕ್ ರೆಂಚ್. ರೆಂಚ್ ಇಲ್ಲದಿದ್ದರೆ ಹೊಸ ವಾಷರ್ ಇರುವ ಪ್ಲಗ್ಗಿಗೆ ಕೈಬಿಗಿಯ ನಂತರ ಸುಮಾರು ಅರ್ಧ ಸುತ್ತು. ವಾಷರ್ ಇಲ್ಲದ ಓರೆ ಕೂರುವ ಪ್ಲಗ್ಗಿಗೆ ಹದಿನಾರನೇ ಒಂದು ಸುತ್ತು ಸಾಕು.

ಕಾಯಿಲ್ ಕೆಟ್ಟಿದೆಯೇ ಎಂದು ತಿಳಿಯಲು ಹೊಸ ಕಾಯಿಲ್ ಕೊಳ್ಳುವ ಅಗತ್ಯವೇ ಇಲ್ಲ. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಪಿ0301 ಬಂದಿದ್ದರೆ ಮಿಸ್ ಆಗುತ್ತಿರುವುದು ಒಂದನೇ ಸಿಲಿಂಡರ್. ಅಲ್ಲಿಯ ಕಾಯಿಲ್ ಎರಡನೆಯದಕ್ಕೆ, ಎರಡನೆಯದು ಒಂದಕ್ಕೆ ಹಾಕಿ. ಕೋಡ್ ಅಳಿಸಿ, ಅದೇ ಏರಿನಲ್ಲಿ ಓಡಿಸಿ. ಈಗ ಪಿ0302 ಬಂದರೆ ಕಾಯಿಲ್ಲೇ ಅಪರಾಧಿ. ಪಿ0301 ಅಲ್ಲೇ ಉಳಿದರೆ ಪ್ಲಗ್ಗನ್ನು ಹಾಗೇ ಅದಲು ಬದಲು ಮಾಡಿ. ಅದಕ್ಕೂ ಜಗ್ಗದಿದ್ದರೆ ಇಂಜೆಕ್ಟರ್, ಅದರ ವೈರು, ಕೊನೆಗೆ ಕಂಪ್ರೆಷನ್. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಕಾಯಿಲ್, ಪ್ಲಗ್ ಎರಡನ್ನೂ ಒಟ್ಟಿಗೆ ಕದಲಿಸಿದರೆ ಉತ್ತರ ಸಿಗುವುದಿಲ್ಲ.

ಮಳೆಯಲ್ಲಿ ಮಾತ್ರ ಬರುವ ಜರ್ಕ್ ಹಿಡಿಯಲು ಕತ್ತಲಾದ ಮೇಲೆ ಬಯಲಿನಲ್ಲಿ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ಕಾಯಿಲ್ ಮತ್ತು ಪ್ಲಗ್ ವೈರುಗಳ ಸುತ್ತ ಸ್ಪ್ರೇ ಬಾಟಲಿಯಿಂದ ಮಂಜಿನಷ್ಟು ನೀರು ಬಿಡಿ. ಸೋರುವ ಕಡೆ ನೀಲಿ ಕಿಡಿ ಕಾಣುತ್ತದೆ, ಐಡ್ಲಿಂಗ್ ಮುಗ್ಗರಿಸುತ್ತದೆ. ಕೈ ಹಾಕಬೇಡಿ, ಅಲ್ಲಿರುವುದು ಹತ್ತಾರು ಸಾವಿರ ವೋಲ್ಟ್. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಪರೀಕ್ಷೆ ಮಾಡಲೇಬೇಡಿ.

ಸಿಎನ್‌ಜಿ ಇರುವ ಕಾರಾದರೆ ನಿಮಗೊಂದು ಅನುಕೂಲವಿದೆ. ಜರ್ಕ್ ಹೊಡೆಯುತ್ತಿರುವಾಗಲೇ ಪೆಟ್ರೋಲಿಗೆ ಬದಲಿಸಿ. ಗ್ಯಾಸಿನಲ್ಲಿ ಮಾತ್ರ ಇದ್ದರೆ ಗ್ಯಾಸ್ ಫಿಲ್ಟರ್, ರೆಗ್ಯುಲೇಟರ್, ಗ್ಯಾಸ್ ಇಂಜೆಕ್ಟರ್. ಪೆಟ್ರೋಲಿನಲ್ಲಿ ಮಾತ್ರ ಇದ್ದರೆ ಪಂಪ್ ಮತ್ತು ಪೆಟ್ರೋಲ್ ಇಂಜೆಕ್ಟರ್. ವರ್ಷಗಟ್ಟಲೆ ಗ್ಯಾಸಿನಲ್ಲೇ ಓಡಿಸಿದವರ ಗಾಡಿಯಲ್ಲಿ ಇವು ಅಂಟು ಕಟ್ಟಿರುತ್ತವೆ. ಎರಡರಲ್ಲೂ ಇದ್ದು ಗ್ಯಾಸಿನಲ್ಲಿ ಜಾಸ್ತಿ ಇದ್ದರೆ ಪ್ಲಗ್, ಕಾಯಿಲ್. ಗ್ಯಾಸಿಗೆ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕಾದ್ದರಿಂದ ದುರ್ಬಲ ಕಾಯಿಲ್ ಅಲ್ಲೇ ಮೊದಲು ಸಿಕ್ಕಿಬೀಳುತ್ತದೆ.

ಗಾಳಿಯ ದಾರಿ

ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡಿ, ಬೆಳಕು ಕಾಣದಿದ್ದರೆ ಬದಲಿಸಿ. ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಫಿಲ್ಟರ್ ಡಬ್ಬಿಯೊಳಗೆ ಇಲಿ ಗೂಡು ಸಿಕ್ಕರೂ ಆಶ್ಚರ್ಯವಿಲ್ಲ. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಮಡಿಕೆ ಮಡಿಕೆಯ ರಬ್ಬರ್ ಪೈಪನ್ನು ಕೈಯಿಂದ ಅಗಲಿಸಿ ನೋಡಬೇಕು. ಬಿರುಕು ಮಡಿಕೆಯ ತಳದಲ್ಲಿ ಅಡಗಿರುತ್ತದೆ, ಎಂಜಿನ್ ಅಲುಗಿದಾಗ ಮಾತ್ರ ಬಾಯಿ ಬಿಡುತ್ತದೆ. ಕಾಲು ಒತ್ತಿದ ಕ್ಷಣ ತಡವರಿಕೆ, ಆಮೇಲೆ ಸರಿ ಎನ್ನುವ ದೂರಿಗೆ ಇದು ಮಾಮೂಲಿ ಕಾರಣ.

ಥ್ರಾಟಲ್ ಬಾಡಿಯಲ್ಲಿ ತಟ್ಟೆಯ ಅಂಚಿಗೆ ಕಪ್ಪು ಜಿಡ್ಡು ಕಟ್ಟಿದರೆ ಮೊದಲ ಚಿಟಿಕೆ ಗಾಳಿ ಸರಿಯಾಗಿ ಹೋಗದೆ ಟ್ರಾಫಿಕ್ಕಿನಲ್ಲಿ ಗಾಡಿ ಕುಲುಕುತ್ತದೆ. ಥ್ರಾಟಲ್ ಕ್ಲೀನರ್ ಸ್ಪ್ರೇಯನ್ನು ಬಟ್ಟೆಗೆ ಹಾಕಿ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಇಗ್ನಿಷನ್ ಆನ್ ಇರುವಾಗ ತಟ್ಟೆಯನ್ನು ಬೆರಳಿನಿಂದ ತಳ್ಳಬೇಡಿ, ಒಳಗಿನ ಗೇರ್ ಹಲ್ಲು ಹೋಗುತ್ತದೆ. ಸ್ವಚ್ಛವಾದ ಮೇಲೆ ಐಡ್ಲಿಂಗ್ ಸ್ವಲ್ಪ ಹೊತ್ತು ಹೆಚ್ಚಿರಬಹುದು, ಕೆಲವು ಕಾರುಗಳಿಗೆ ಸ್ಕ್ಯಾನರಿನಿಂದ ಮತ್ತೆ ಕಲಿಸಬೇಕು. ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರಿಗೆ ಅದರದ್ದೇ ಸ್ಪ್ರೇ ಬೇರೆ ಇದೆ. ಕಾರ್ಬ್ಯುರೇಟರ್ ಸ್ಪ್ರೇ, ಬ್ರಷ್, ಬಟ್ಟೆ ಯಾವುದೂ ಬೇಡ, ಕೂದಲಿಗಿಂತ ತೆಳ್ಳಗಿನ ತಂತಿ ಅಲ್ಲಿದೆ.

ನಮ್ಮಲ್ಲಿ ಓಡುವ ಅನೇಕ ಸಣ್ಣ ಕಾರುಗಳಲ್ಲಿ ಮಾಸ್ ಏರ್‌ಫ್ಲೋ ಇಲ್ಲ, ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇದೆ. ಅದನ್ನು ಪರೀಕ್ಷಿಸಲು ಬೆಟ್ಟದ ನಾಡಿನಲ್ಲಿ ಒಂದು ಒಳ್ಳೆಯ ಉಪಾಯ ಉಂಟು. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಸ್ಕ್ಯಾನರಿನಲ್ಲಿ ಮ್ಯಾಪ್ ನೋಡಿ. ಅದು ಆ ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು: ಹಾಸನದಲ್ಲಿ ಸುಮಾರು 90 ಕಿಲೋಪಾಸ್ಕಲ್, ಚಿಕ್ಕಮಗಳೂರಿನಲ್ಲಿ 89, ಮುಳ್ಳಯ್ಯನಗಿರಿ ಮೇಲೆ 81ರ ಆಸುಪಾಸು, ಮಂಗಳೂರಿನಲ್ಲಿ 101. ಹಾಸನದಲ್ಲಿ ನಿಂತ ಗಾಡಿ 100 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಎಂಜಿನ್ ಆ ಸುಳ್ಳನ್ನು ನಂಬಿ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತಿದೆ. ಸಮುದ್ರಮಟ್ಟದ ಲೆಕ್ಕ ಹೇಳುವ ಕೈಪಿಡಿ ನೋಡಿ 100 ಸರಿ ಎಂದುಕೊಳ್ಳುವವರೂ ಇದ್ದಾರೆ, ಹಾಗೆ ಮೋಸ ಹೋಗಬೇಡಿ.

ಇಂಧನದ ತಿದ್ದುಪಡಿ, ಅಂದರೆ ಫ್ಯೂಯಲ್ ಟ್ರಿಮ್, ಅದೇ ಸ್ಕ್ಯಾನರಿನಲ್ಲಿ ಸಿಗುತ್ತದೆ. ಬಿಸಿ ಎಂಜಿನ್ನಿನಲ್ಲಿ ದೀರ್ಘಕಾಲದ ಟ್ರಿಮ್ ಸೊನ್ನೆಯಿಂದ ಆಚೀಚೆ ಶೇಕಡಾ 10ರೊಳಗೆ ಇರಲಿ. ಐಡ್ಲಿಂಗ್‌ನಲ್ಲಿ ಪ್ಲಸ್ 20 ಇದ್ದು 2,500 ಆರ್‌ಪಿಎಂಗೆ 5ಕ್ಕೆ ಇಳಿದರೆ ಥ್ರಾಟಲ್ಲಿನ ಆಚೆ ಎಲ್ಲೋ ಗಾಳಿ ಒಳಗೆ ಸೇರುತ್ತಿದೆ: ವ್ಯಾಕ್ಯೂಮ್ ಪೈಪ್, ಬ್ರೇಕ್ ಬೂಸ್ಟರ್ ಪೈಪ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಐಡ್ಲಿಂಗ್‌ನಲ್ಲಿ ಸರಿಯಿದ್ದು ಏರಿನಲ್ಲಿ ಮೇಲೇರುತ್ತಾ ಹೋದರೆ ಇಂಧನ ಸಾಲುತ್ತಿಲ್ಲ. ಮ್ಯಾಪ್ ಸೆನ್ಸರಿನ ಗಾಡಿಗಳಲ್ಲಿ ಮಾತ್ರ ಗಾಳಿ ಲೀಕ್ ಟ್ರಿಮ್‌ನಲ್ಲಿ ಅಷ್ಟಾಗಿ ಕಾಣದು, ಐಡ್ಲಿಂಗ್ ಏರುವುದೇ ಅದರ ಗುರುತು.

ಪೆಟ್ರೋಲ್ ಸಾಲದಿದ್ದರೆ

ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡ್ ಗುಂಯ್ ಎನ್ನುವುದು ಪಂಪ್. ಸದ್ದು ಬಂತು ಎಂದ ಮಾತ್ರಕ್ಕೆ ಒತ್ತಡ ಇದೆ ಎಂದಲ್ಲ. ಮಾಮೂಲಿ ಇಂಜೆಕ್ಷನ್ ಎಂಜಿನ್ನಿಗೆ 3ರಿಂದ 4 ಬಾರ್ ಬೇಕು, ಅದು ಏರಿನಲ್ಲೂ ಬೀಳಬಾರದು. ಐಡ್ಲಿಂಗ್‌ನಲ್ಲಿ ಗೇಜ್ ನೋಡಿ ಪಂಪ್ ಸರಿ ಎಂದು ಹೇಳಿಬಿಡುವುದು ದೊಡ್ಡ ತಪ್ಪು, ಏಕೆಂದರೆ ಆಗ ಎಂಜಿನ್ ಕೇಳುವುದೇ ಸ್ವಲ್ಪ. ಬಹಳ ಕಾರುಗಳಲ್ಲಿ ಪೆಟ್ರೋಲ್ ಫಿಲ್ಟರ್ ಟ್ಯಾಂಕಿನೊಳಗೆ ಪಂಪಿನ ಜೊತೆಗೇ ಇರುತ್ತದೆ. ಪಂಪ್ ಬದಲಿಸುವ ಮೊದಲು ಅದರ ಕೆಳಗಿನ ಬಲೆ ಮತ್ತು ಸಾಕೆಟ್ಟಿನ ಸುಟ್ಟ ಪಿನ್ ನೋಡಿ. ಗೇಜ್ ಹಾಕಲು ಪೈಪ್ ಬಿಚ್ಚುವವರು ಪಂಪ್ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿಕೊಳ್ಳಬೇಕು.

ಬಂಕಿನಲ್ಲಿ ತುಂಬಿಸಿದ ಕೂಡಲೇ ಜರ್ಕ್ ಶುರುವಾದರೆ ಇಂಧನವನ್ನೇ ಅನುಮಾನಿಸಿ. ಈಗ ಸಿಗುವುದು ನೂರಕ್ಕೆ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಹೀರುತ್ತದೆ, ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ. ಗಾಜಿನ ಬಾಟಲಿಗೆ ಅರ್ಧ ಲೀಟರ್ ತೆಗೆದು ಹತ್ತು ನಿಮಿಷ ಅಲುಗಿಸದೆ ಇಡಿ, ಕೆಳಗೆ ಬೇರೆ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸದೆ ಬೇರೆ ದಾರಿಯಿಲ್ಲ. ಬೆಂಗಳೂರಿನಲ್ಲಿರುವ ಮಕ್ಕಳು ಬಂದಾಗ ಮಾತ್ರ ಹೊರತೆಗೆಯುವ ಕಾರುಗಳಿಗೆ, ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಂತ ಹಳೆಯ ಗಾಡಿಗಳಿಗೆ ಈ ಅಪಾಯ ಹೆಚ್ಚು. ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಗಳಲ್ಲಿ ರಬ್ಬರ್ ಪೈಪು, ಡಯಾಫ್ರಾಮುಗಳೂ ಇದಕ್ಕೆ ಬೇಗ ಸೋಲುತ್ತವೆ.

ಡೀಸೆಲ್: ನೀರು, ಗಾಳಿ, ಮಸಿ

ತೋಟದಲ್ಲಿ ಡ್ರಮ್ಮಿನಲ್ಲಿ ಡೀಸೆಲ್ ಇಟ್ಟು ಜೀಪು, ಪಿಕಪ್ಪಿಗೆ ಸುರಿಯುವ ಅಭ್ಯಾಸವಿದ್ದರೆ ಹುಡುಕಾಟ ಅಲ್ಲಿಂದಲೇ ಶುರುವಾಗಲಿ. ರಾತ್ರಿಯ ಚಳಿಗೆ ಅರೆ ತುಂಬಿದ ಡ್ರಮ್ಮಿನ ಒಳಗೋಡೆಯಲ್ಲಿ ಹನಿ ಕಟ್ಟಿ ಇಳಿದ ನೀರು ತಳದಲ್ಲಿ ನಿಲ್ಲುತ್ತದೆ, ಜೊತೆಗೆ ತುಕ್ಕು. ಡ್ರಮ್ಮಿನಿಂದ ಎಳೆಯುವ ಪೈಪಿನ ತುದಿ ತಳದಿಂದ ಒಂದು ಗೇಣು ಮೇಲಿರಲಿ, ಡ್ರಮ್ ಅಲುಗಿಸಿದ ದಿನ ತೆಗೆಯಬೇಡಿ.

ಗಾಡಿಯಲ್ಲಿ ನೀರು ಬಂದಿದೆಯೇ ಎಂದು ನೋಡುವುದು ಸುಲಭ. ಎಂಜಿನ್ ನಿಲ್ಲಿಸಿ, ಡೀಸೆಲ್ ಫಿಲ್ಟರಿನ ಕೆಳಗಿನ ಡ್ರೈನ್ ತಿರುಪನ್ನು ಒಂದೆರಡು ಸುತ್ತು ಸಡಿಲಿಸಿ 100–200 ಮಿ.ಲೀ. ಗಾಜಿನ ಬಾಟಲಿಗೆ ಹಿಡಿಯಿರಿ. ಹನಿಯದಿದ್ದರೆ ಮೇಲಿನ ಕೈಪಂಪ್ ಒತ್ತಿ. ನೀರು ತಳದಲ್ಲಿ ಗುಂಡಾಗಿ ಉರುಳುವುದು ಬರಿಗಣ್ಣಿಗೆ ಕಾಣುತ್ತದೆ. ಶುದ್ಧ ಡೀಸೆಲ್ ಬರುವವರೆಗೆ ಬಿಟ್ಟು, ತಿರುಪು ಬಿಗಿದು, ಕೈಪಂಪ್ ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆಯಿರಿ. ಕೈಪಿಡಿ ಫಿಲ್ಟರಿಗೆ ಎಷ್ಟೇ ಆಯಸ್ಸು ಹೇಳಲಿ, ಡ್ರಮ್ ಡೀಸೆಲ್ ಕುಡಿಯುವ ಗಾಡಿಗೆ 10,000 ಕಿ.ಮೀ.ಗೊಮ್ಮೆ ಬದಲಿಸುವುದೇ ಲೇಸು. ಇಂಜೆಕ್ಟರ್ ಬೆಲೆಯ ಮುಂದೆ ಅದು ಏನೂ ಅಲ್ಲ.

ಫಿಲ್ಟರ್ ಬದಲಿಸಿದ ಮೇಲೇ ಜರ್ಕ್ ಶುರುವಾಗಿದ್ದರೆ ಏರ್ ಹಿಡಿದಿದೆ. ಟ್ಯಾಂಕಿನಿಂದ ಪಂಪಿನವರೆಗಿನ ಕಡಿಮೆ ಒತ್ತಡದ ದಾರಿಯಲ್ಲಿ ಒಂದಡಿ ಪಾರದರ್ಶಕ ಪೈಪ್ ಜೋಡಿಸಿ ಗುಳ್ಳೆ ಬರುತ್ತಿದೆಯೇ ನೋಡಿ. ಸೋರುವ ಕ್ಲಿಪ್ ಹೊರಗೆ ಒದ್ದೆ ಕಾಣಬೇಕೆಂದಿಲ್ಲ. ಅಲ್ಲಿ ಡೀಸೆಲ್ ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಹಳೆಯ ಎಂಜಿನ್ನುಗಳ ರೂಢಿಯಂತೆ ಇಂಜೆಕ್ಟರ್ ನಟ್ಟು ಸಡಿಲಿಸಿ ಗಾಳಿ ಬಿಡುವ ಕೆಲಸವನ್ನು ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ, ಅಂದರೆ ರೈಲಿನಿಂದ, ಡೀಸೆಲ್ ಹೋಗುವಂಥದ್ದು) ಓಡುತ್ತಿರುವಾಗ ಎಂದೂ ಮಾಡಬಾರದು. ಅಲ್ಲಿ ಒತ್ತಡ 1,600 ಬಾರ್ ಮುಟ್ಟುತ್ತದೆ, ಸೂಜಿಯಷ್ಟು ಸೋರಿಕೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೆ ತಗುಲಿದರೆ ಗಾಯ ಎಷ್ಟೇ ಚಿಕ್ಕದಾಗಿ ಕಾಣಲಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪಿ0087 ಕೋಡ್ ಬಂದರೆ ರೈಲಿನಲ್ಲಿ ಒತ್ತಡ ಸಾಲುತ್ತಿಲ್ಲ. ಫಿಲ್ಟರ್, ಗಾಳಿ ಎರಡೂ ಸರಿಯಿದ್ದ ಮೇಲೆ ಇಂಜೆಕ್ಟರಿನ ರಿಟರ್ನ್ ಪರೀಕ್ಷೆ ಮಾಡಿಸಿ. ನಾಲ್ಕೂ ಇಂಜೆಕ್ಟರಿನ ವಾಪಸ್ ಪೈಪಿಗೆ ನಾಲ್ಕು ಬಾಟಲಿ ಕಟ್ಟಿ ಐದು ನಿಮಿಷ ಓಡಿಸಿದಾಗ ಒಂದರಲ್ಲಿ ಮಾತ್ರ ಉಳಿದವುಗಳ ಎರಡು-ಮೂರು ಪಟ್ಟು ಡೀಸೆಲ್ ತುಂಬಿದರೆ ಅದೊಂದನ್ನೇ ರಿಪೇರಿಗೆ ಕಳಿಸಿ. ನಾಲ್ಕನ್ನೂ ಬದಲಿಸಬೇಕು ಎಂದವರಿಗೆ ಈ ಬಾಟಲಿಗಳನ್ನು ತೋರಿಸಿ ಕೇಳಿ.

ಏರಿನಲ್ಲಿ ಕಪ್ಪು ಹೊಗೆ, ಜೊತೆಗೆ ಉಸ್ಸೆನ್ನುವ ಸದ್ದು ಇದ್ದರೆ ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪ್ ಕ್ಲಿಪ್ಪಿನ ಬುಡದಲ್ಲಿ ಸೀಳಿರುತ್ತದೆ, ಸುತ್ತ ಎಣ್ಣೆಯ ಮಸಿ ಹತ್ತಿರುತ್ತದೆ. ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ಉಳಿದರೆ ಕಡಿಮೆ ಆರ್‌ಪಿಎಂನಲ್ಲಿ ಮುಗ್ಗರಿಸಿ 2,500ರ ಮೇಲೆ ಸುಧಾರಿಸುತ್ತದೆ.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದೆ. ಮನೆ, ತೋಟ, ಪೇಟೆ ಎಂದು ನಾಲ್ಕೈದು ಕಿ.ಮೀ. ಮಾತ್ರ ಓಡಿದರೆ ಅದು ಕಾದು ಮಸಿ ಸುಡುವಷ್ಟು ಹೊತ್ತೇ ಸಿಗುವುದಿಲ್ಲ. ದೀಪ ಹತ್ತಿ, ಪಿಕಪ್ ಕಟ್ಟಾಗುತ್ತದೆ. ದೀಪ ಹತ್ತಿದ ಮೊದಲ ಹಂತದಲ್ಲೇ ಹಾಸನ–ಚನ್ನರಾಯಪಟ್ಟಣ ಹೆದ್ದಾರಿಯಲ್ಲೋ ಕಡೂರು ರಸ್ತೆಯಲ್ಲೋ 2,000 ಆರ್‌ಪಿಎಂ ಮೇಲಿಟ್ಟು, 60–80 ಕಿ.ಮೀ. ವೇಗದಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷ ನಿಲ್ಲಿಸದೆ ಓಡಿಸಿ. ಬಹುತೇಕ ಸಲ ದೀಪ ಆರುತ್ತದೆ. ದೀಪ ಮಿನುಗಲು ಶುರುವಾಗುವವರೆಗೆ ಬಿಟ್ಟರೆ ಸ್ಕ್ಯಾನರಿನಿಂದ ಸುಡಿಸಬೇಕಾಗುತ್ತದೆ.

ಇಲಿ ಮತ್ತು ಅರ್ತಿಂಗ್

ಇದನ್ನು ಕೊನೆಗೆ ನೋಡುವವರೇ ಹೆಚ್ಚು, ಮಲೆನಾಡಿನಲ್ಲಿ ಮೊದಲೇ ನೋಡಬೇಕು. ಇಲಿ ವೈರನ್ನು ಪೂರ್ತಿ ಕತ್ತರಿಸಿದರೆ ಗಾಡಿ ನಿಂತುಹೋಗುತ್ತದೆ, ಕಾರಣ ಬೇಗ ಸಿಗುತ್ತದೆ. ಸಿಪ್ಪೆ ಮಾತ್ರ ಕಡಿದಾಗಲೇ ತೊಂದರೆ: ಗುಂಡಿ ಹಾರಿದಾಗ ವೈರು ತಾಗಿ ಜರ್ಕ್, ಆಮೇಲೆ ಸರಿ. ಬ್ಯಾಟರಿಯ ಕೆಳಗೆ, ಇಂಜೆಕ್ಟರ್ ಸಾಲಿನ ಹಿಂದೆ, ಫೈರ್‌ವಾಲ್ ಬದಿಯಲ್ಲಿ ಹಿಕ್ಕೆ, ಹೊಟ್ಟು, ಕಡಿದ ಗುರುತು ಹುಡುಕಿ. ಎಂಜಿನ್ ಐಡ್ಲಿಂಗ್‌ನಲ್ಲಿ ಇಟ್ಟು ಒಂದೊಂದೇ ಸಾಕೆಟ್, ಒಂದೊಂದೇ ವೈರಿನ ಕಂತೆಯನ್ನು ಮೆಲ್ಲಗೆ ಅಲುಗಿಸಿ. ಕಾಯಿಲ್ ಮತ್ತು ಪ್ಲಗ್ ವೈರುಗಳನ್ನು ಮಾತ್ರ ಮುಟ್ಟಬೇಡಿ. ಎಲ್ಲಿ ಮುಗ್ಗರಿಸಿತೋ ಅಲ್ಲೇ ಬಿಚ್ಚಿ. ಕಡಿದ ಜಾಗವನ್ನು ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ತೋಳು ಹಾಕಿಸಿ. ತಿರುಚಿ ಟೇಪ್ ಸುತ್ತಿದ್ದು ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಬ್ಯಾಟರಿ ನಿಂತಾಗ 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.5 ಇರಲಿ. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯ ಬೋಲ್ಟ್ ಬಿಚ್ಚಿ, ಹಸಿರು ಪಾಚಿಯಂಥ ತುಕ್ಕು ಕೆರೆದು ಮತ್ತೆ ಬಿಗಿಯಿರಿ. ಖರ್ಚಿಲ್ಲದ ಕೆಲಸ, ಎಷ್ಟೋ ವಿಚಿತ್ರ ಜರ್ಕ್ ಇಲ್ಲಿಗೇ ಮುಗಿಯುತ್ತದೆ.

ಎಂಜಿನ್ ಸರಿಯಿದ್ದೂ ಗಾಡಿ ಕುಲುಕಿದರೆ

ಘಾಟಿಯ ಸಾಲಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸಿದ ಗಾಡಿ ಹೊರಡುವಾಗ ಗಡಗಡ ನಡುಗುತ್ತದೆ. ಫ್ಲೈವೀಲ್ ಮೇಲೆ ಸುಟ್ಟ ಕಲೆಗಳಾಗಿರುತ್ತವೆ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದು ಹೊರಡಿ. ಕ್ಲಚ್ ಜಾರುವುದನ್ನು ನಾಲ್ಕನೇ ಗೇರ್, 40 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ತಿಳಿಯಬಹುದು. ಮೌಂಟಿಂಗ್ ನೋಡಲು ಒಬ್ಬರು ಬ್ರೇಕ್ ಗಟ್ಟಿಯಾಗಿ ಒತ್ತಿ ಮೊದಲ ಗೇರ್, ರಿವರ್ಸ್ ಎರಡರಲ್ಲೂ ಕ್ಲಚ್ಚನ್ನು ಚೂರೇ ಬಿಡಲಿ. ಬದಿಯಲ್ಲಿ ನಿಂತು ನೋಡಿ, ಗಾಡಿಯ ಮುಂದೆ ನಿಲ್ಲಬೇಡಿ. ಎಂಜಿನ್ ಎಗರಿ ಬಿದ್ದರೆ ಮೌಂಟಿಂಗ್ ಹರಿದಿದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕಟ್ ಕಟ್ ಎಂದರೆ ಆಕ್ಸಲ್ಲಿನ ಹೊರ ಜಾಯಿಂಟ್, ಏರಿನಲ್ಲಿ ಸ್ಟಿಯರಿಂಗ್ ಸಮೇತ ನಡುಗಿದರೆ ಒಳ ಜಾಯಿಂಟ್. ಕ್ಲಚ್, ಗೇರ್ ತಾನೇ ಹಾಕಿಕೊಳ್ಳುವ ಎಎಂಟಿ ಗಾಡಿ ಗೇರ್ ಬದಲಿಸುವಾಗ ತುಸು ತಲೆಯಾಡಿಸುವುದು ಸಹಜ. ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಕ್ಲಚ್ ಸವೆದಿದೆ ಅಥವಾ ಅದರ ಬಿಂದುವನ್ನು ಸ್ಕ್ಯಾನರಿನಲ್ಲಿ ಮತ್ತೆ ಕಲಿಸಬೇಕಿದೆ.

ಓಡಿಸಬಹುದೇ, ನಿಲ್ಲಿಸಬೇಕೇ

ಚೆಕ್ ಎಂಜಿನ್ ದೀಪ ಸ್ಥಿರವಾಗಿ ಉರಿದರೆ ನಿಧಾನಕ್ಕೆ ಊರು ಸೇರಬಹುದು. ಮಿನುಗಿದರೆ ಕಾಲು ತೆಗೆಯಿರಿ: ಸುಡದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ. ಒಂದು ಕಾಯಿಲ್ಲಿನ ಖರ್ಚು ಅದರ ಹತ್ತಾರು ಪಟ್ಟಿಗೆ ಏರುವುದು ಹೀಗೆಯೇ. ಒಣಹುಲ್ಲಿನ ಮೇಲೆ ಅಂಥ ಗಾಡಿಯನ್ನು ನಿಲ್ಲಿಸಲೂಬಾರದು, ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಬೆಂಕಿ ಹತ್ತಲು ಅಷ್ಟು ಶಾಖ ಸಾಕು.

ಬಿಸಿಯಾಗಿ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವ ಗಾಡಿಯನ್ನು ಘಾಟಿಗೆ ಒಯ್ಯಬೇಡಿ. ಎಂಜಿನ್ ನಿಂತ ಕೂಡಲೇ ಪವರ್ ಸ್ಟಿಯರಿಂಗ್ ಗಟ್ಟಿಯಾಗುತ್ತದೆ, ಎರಡು-ಮೂರು ಸಲ ತುಳಿದ ಮೇಲೆ ಬ್ರೇಕೂ ಗಟ್ಟಿಯಾಗುತ್ತದೆ.

ಗ್ಯಾರೇಜಿಗೆ ಹೋಗುವ ಮೊದಲು ಬ್ಯಾಟರಿ ಕೇಬಲ್ ತೆಗೆದು ಕೋಡ್ ಅಳಿಸಬೇಡಿ, ಮೆಕ್ಯಾನಿಕ್‌ಗೆ ಬೇಕಾದ ಸಾಕ್ಷಿ ಅದರಲ್ಲೇ ಇರುತ್ತದೆ. ಕೋಡ್ ಬಂದ ಕ್ಷಣದ ವೇಗ, ಆರ್‌ಪಿಎಂ, ಎಂಜಿನ್ ಬಿಸಿ ಎಲ್ಲವನ್ನೂ ಕಂಪ್ಯೂಟರ್ ಬರೆದಿಟ್ಟಿರುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ರಿಪೇರಿ ಆದ ಮೇಲೆ ಅದೇ ಏರಿನಲ್ಲಿ, ಅಷ್ಟೇ ಜನ ಕೂತು, ಎಂಜಿನ್ ಅಷ್ಟೇ ಬಿಸಿಯಾದಾಗ ಇನ್ನೊಮ್ಮೆ ಓಡಿಸಿ ಸ್ಕ್ಯಾನರ್ ಹಾಕಿಸಿ, ಮಿಸ್‌ಫೈರ್ ಎಣಿಕೆ ಸೊನ್ನೆ ಇದ್ದರೆ ಬಿಲ್ ಕಟ್ಟಿ.